ಎಫ್‌ಆರ್ ಉಂಟಲ್ಲ, ಇನ್ನೇನು ಬೇಕು?

ಮಂಗಳೂರಿನ ಬಿಜೈಯ ನಮ್ಮ ಹಳೇ ಫ್ಲ್ಯಾಟಿಗೆ ಹೊಸ ವೈರಿಂಗ್ ಮಾಡಿಸಲು ಹೊರಟಿದ್ದೆ. ಅಂಗಡಿಯ ಹುಡುಗ 90 ಮೀಟರಿನ ವಯರಿನ ಕಾಯಿಲ್ ಮುಂದಿಟ್ಟು, "ಇದು ಎಫ್‌ಆರ್ ಸರ್, ಫ್ಲೇಮ್ ರಿಟಾರ್ಡೆಂಟ್, ಬೆಂಕಿ ಹಿಡಿಯುವುದೇ ಇಲ್ಲ" ಅಂದ. ಜೊತೆಗಿದ್ದ ಇಲೆಕ್ಟ್ರಿಷಿಯನ್ ನಕ್ಕರು. ಹೊರಗೆ ಬಂದು, ಗೇಣುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಲೈಟರ್ ತಾಗಿಸಿದರು. ಸಿಪ್ಪೆ ಕಪ್ಪಾಗಿ ಉಬ್ಬಿತು, ಚೆನ್ನಾಗಿಯೇ ಉರಿಯಿತು. ಲೈಟರ್ ತೆಗೆದದ್ದೇ ತಡ, ತಾನಾಗಿ ನಂದಿತು.

"ಎಫ್‌ಆರ್ ಅಂದ್ರೆ ಇಷ್ಟೇ ಮಾರಾಯ್ರೆ."

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21%. ಎಫ್‌ಆರ್ ಸಿಪ್ಪೆ ಉರಿಯುತ್ತಲೇ ಇರಬೇಕಾದರೆ ಕನಿಷ್ಠ 29% ಬೇಕು. ಅದಕ್ಕೇ ನಂದಿದ್ದು. ಆದರೆ ಸುತ್ತ ಬೇರೆ ಏನಾದರೂ ಉರಿಯುತ್ತಿದ್ದರೆ ಈ ವಯರೂ ಉರಿಯುತ್ತದೆ.

ನನಗೆ ನೆನಪುಳಿದದ್ದು ಬೆಂಕಿಯಲ್ಲ, ಆ ಘಾಟು. ಸಿಪ್ಪೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದ್ದು. ಪಿವಿಸಿ ರಾಳದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ನೇ. ಸುಟ್ಟಾಗ ಅದು ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬರುತ್ತದೆ, ಕಣ್ಣು, ಗಂಟಲಿನ ಪಸೆಗೆ ಸೇರಿದರೆ ಆಮ್ಲವಾಗುತ್ತದೆ. ಎಫ್‌ಆರ್‌ಎಲ್‌ಎಸ್ (ಎಫ್‌ಆರ್ ಜೊತೆಗೆ ಲೋ ಸ್ಮೋಕ್) ವಯರಿನಲ್ಲಿ ಈ ಅನಿಲವೂ ಹೊಗೆಯೂ ಕಡಿಮೆ. ಹ್ಯಾಲೊಜನ್ (ಕ್ಲೋರಿನ್ ಮತ್ತು ಅದರ ಬಳಗದ ಧಾತುಗಳು) ಇಲ್ಲದ ವಯರಿನಲ್ಲಿ ಕ್ಲೋರಿನ್ನೇ ಇಲ್ಲ. ಅದರ ಸಿಪ್ಪೆಗೆ ಹೆಚ್ಚಾಗಿ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಪುಡಿ ಬೆರೆಸುತ್ತಾರೆ. ಸುಮಾರು 200 ಡಿಗ್ರಿ ದಾಟಿದಾಗ ಆ ಪುಡಿ ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತದೆ. ವಯರೇ ತನ್ನ ಮೈಗೆ ನೀರು ಚಿಮುಕಿಸಿಕೊಂಡ ಹಾಗೆ! ಮನೆಯೊಳಗೆ ಎಫ್‌ಆರ್‌ಎಲ್‌ಎಸ್ ಸಾಕು, ಜನ ಇಳಿದು ಓಡುವ ಮೆಟ್ಟಿಲ ಬಳಿ ಹ್ಯಾಲೊಜನ್ ಇಲ್ಲದ್ದೇ ಇರಲಿ ಅನ್ನುವುದು ನನ್ನ ಲೆಕ್ಕ.

ಇವೆಲ್ಲ ಬೆಂಕಿ ಹರಡದಂತೆ ತಡೆಯುವ ವಯರುಗಳು. ಬೆಂಕಿಯ ನಡುವೆಯೂ ಕರೆಂಟು ಸಾಗಿಸುವ ಕೇಬಲ್ಲಿನ ಜಾತಿಯೇ ಬೇರೆ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಅದರ ಚಿಂತೆ ಇಲ್ಲ. ಪ್ಲಾಸ್ಟಿಕ್ ಸುಟ್ಟುಹೋದ ಮೇಲೆ ತಂತಿಗೆ ತಂತಿ ತಾಗದಂತೆ ನೋಡಿಕೊಳ್ಳುವುದೇ ಕಷ್ಟ. ಹಾಗಾಗಿ ತಾಮ್ರದ ಮೇಲೆ ಮೈಕಾ ಪಟ್ಟಿ ಸುತ್ತುತ್ತಾರೆ. ನಮ್ಮ ಕಾಗೆಬಂಗಾರವೇ ಅದು! ಬ್ರಿಟಿಷ್ ಮಾನದಂಡ ಬಿಎಸ್ 6387ರ ಅತಿ ಕಠಿಣ ದರ್ಜೆಯಲ್ಲಿ ಇಂಥ ಕೇಬಲ್ 950 ಡಿಗ್ರಿ ಜ್ವಾಲೆಯಲ್ಲಿ 3 ಗಂಟೆ ಕೆಲಸ ಮಾಡಬೇಕು. ಬೆಂಕಿಯಲ್ಲಿಟ್ಟು ನೀರು ಚಿಮುಕಿಸಿ, ಬಡಿದೂ ನೋಡುತ್ತಾರೆ. ಬೆಲೆ ಜಾಸ್ತಿ. ಮನೆಯ ಫ್ಯಾನಿಗೆ ಸುಮ್ನೆ ದಂಡ, ಫೈರ್ ಪಂಪಿಗೆ, ಅಲಾರಂಗೆ, ತುರ್ತು ದೀಪಕ್ಕೆ ಬೇಕೇ ಬೇಕು.

ವಯರಿನ ಬಗ್ಗೆ ಇಷ್ಟೆಲ್ಲ ಕೇಳಿದರೂ, ಗೋಡೆ, ಮಹಡಿಗಳಲ್ಲಿ ಕೇಬಲ್ ಹಾಯುವ ತೂತಿನ ಬಗ್ಗೆ ಯಾರೂ ಕೇಳುವುದಿಲ್ಲ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಅಣು ಸ್ಥಾವರದಲ್ಲಿ, ಗೋಡೆಯ ತೂತಿನಲ್ಲಿ ಗಾಳಿ ಸೋರುತ್ತದೆಯೇ ಎಂದು ಮೇಣದಬತ್ತಿ ಹಿಡಿದು ನೋಡಿದ್ದರು. ತೂತು ಮುಚ್ಚಲು ತುರುಕಿದ್ದ ಫೋಮಿಗೆ ಬೆಂಕಿ ಹಿಡಿಯಿತು. 1600ಕ್ಕೂ ಹೆಚ್ಚು ಕೇಬಲ್ ಹಾಳಾದವು.

ಇದನ್ನು ಓದಿದ ಸಂಜೆ ಟಾರ್ಚ್ ಹಿಡಿದು ನಮ್ಮ ಕಟ್ಟಡದ ಕೇಬಲ್ ಶಾಫ್ಟಿನ ಬಾಗಿಲು ತೆರೆದೆ. ಕೆಳಗಿನಿಂದ ಮೇಲಿನ ಮಹಡಿಯವರೆಗೆ ಚಿಮಣಿಯಂತೆ ಒಂದೇ ಕೊಳವೆ. ಮೂರನೇ ಮಹಡಿಯ ತೂತಿಗೆ ಮಾತ್ರ ಏನೋ ತುರುಕಿದ್ದರು. ಎಳೆದು ನೋಡಿದರೆ, ಗೋಣಿಚೀಲ.