ಥಾರ್‌ಗೆ ಅಕ್ಕ ಸಿಕ್ಕಿದ್ದು ಕೋರ್ಟಿನಿಂದ: ಏಂಜೆಲಾ ಕಥೆ

ಮಾರ್ವೆಲ್ ಕಾಮಿಕ್ಸ್‌ನ ಸಿಡಿಲ ದೇವರು ಥಾರ್‌ಗೆ ಅಕ್ಕ ಯಾರು? ಸಿನಿಮಾ ನೋಡಿದವರು ಹೆಲಾ ಅನ್ನುತ್ತಾರೆ, ಕಾಮಿಕ್ಸ್ ಓದುವವರು ಏಂಜೆಲಾ ಅನ್ನುತ್ತಾರೆ. ಇಬ್ಬರೂ ಹೇಳುವುದು ಸರಿ. ಹೆಲಾಳನ್ನು ಥಾರ್‌ನ ಅಪ್ಪ ಓಡಿನ್‌ನ ಹಿರಿಮಗಳು ಮಾಡಿದ್ದು 2017ರ ಸಿನಿಮಾ. ಕಾಮಿಕ್ಸ್‌ನಲ್ಲಿ ಆ ಜಾಗ 2014ರಿಂದ ಏಂಜೆಲಾಳದ್ದು. ಇಲ್ಲಿಯವರೆಗೆ ಗೊಂದಲ ಇಲ್ಲ. ಆದರೆ ಅವಳ ಹಳೇ ಕಾಮಿಕ್ಸ್ ಹುಡುಕಿಕೊಂಡು ಹೋಗಿ ನೋಡಿ, ಅಲ್ಲಿ ಥಾರೂ ಇಲ್ಲ, ಓಡಿನ್ನೂ ಇಲ್ಲ, ಪ್ರಕಾಶಕರ ಜಾಗದಲ್ಲಿ ಮಾರ್ವೆಲ್ ಹೆಸರೂ ಇಲ್ಲ. ಬೇರೆ ಕಂಪನಿ, ಬೇರೆ ಲೋಕ. ಸಾಲದ್ದಕ್ಕೆ 2000ದಲ್ಲಿ ಅವಳು ಸತ್ತೇ ಹೋಗಿದ್ದಾಳೆ!

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ 1930ರ ದಶಕದಿಂದ ನಡೆದುಕೊಂಡು ಬಂದ ಪದ್ಧತಿ ಏನೆಂದರೆ, ಬರೆದವರಿಗೂ ಬಿಡಿಸಿದವರಿಗೂ ಪುಟದ ಲೆಕ್ಕದಲ್ಲಿ ದುಡ್ಡು, ಪಾತ್ರ ಮಾತ್ರ ಕಂಪನಿಗೆ. ಸೂಪರ್‌ಮ್ಯಾನ್ ಹಕ್ಕು 1938ರಲ್ಲಿ ಹೋಗಿದ್ದು 130 ಡಾಲರ್‌ಗೆ. ಈ ಪದ್ಧತಿ ಸಾಕಾಗಿ 1992ರಲ್ಲಿ ಮಾರ್ವೆಲ್‌ನ ಏಳು ಜನ ಸ್ಟಾರ್ ಚಿತ್ರಕಾರರು ಹೊರಗೆ ಬಂದು ಇಮೇಜ್ ಕಾಮಿಕ್ಸ್ ಶುರು ಮಾಡಿದರು. ನಮ್ಮ ಪಾತ್ರ ನಮ್ಮದೇ, ಇದು ಅವರ ನಿಯಮ. ಆ ಏಳು ಜನರಲ್ಲಿ ಟಾಡ್ ಮ್ಯಾಕ್‌ಫರ್ಲೇನ್ ಒಬ್ಬರು. ಅವರ ‘ಸ್ಪಾನ್’ (ಸತ್ತು ನರಕದ ಸೈನಿಕನಾಗಿ ವಾಪಸ್ ಬಂದವನ ಕಥೆ) ಮೊದಲ ಸಂಚಿಕೆಯೇ 17 ಲಕ್ಷ ಪ್ರತಿ ಖರ್ಚಾಯಿತು.

ಚಿತ್ರ ಚೆನ್ನಾಗಿದೆ, ಕಥೆ ತೆಳು ಅನ್ನೋ ಮಾತು ಎಲ್ಲ ಕಡೆ ಇತ್ತು. ಮ್ಯಾಕ್‌ಫರ್ಲೇನ್ ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಒಳ್ಳೆ ಬರಹಗಾರರು ಅಂತ ಹೆಸರಾಗಿದ್ದ ನಾಲ್ವರನ್ನು ಕರೆದು ಒಬ್ಬೊಬ್ಬರಿಂದ ಒಂದೊಂದು ಸಂಚಿಕೆ ಬರೆಸಿದರು. 8ನೆಯದು ಅಲನ್ ಮೂರ್, 9ನೆಯದು ನೀಲ್ ಗೇಮನ್, 10ನೆಯದು ಡೇವ್ ಸಿಮ್, 11ನೆಯದು ಫ್ರಾಂಕ್ ಮಿಲ್ಲರ್. 1993ರಲ್ಲಿ ಬಂದ ಆ 9ನೇ ಸಂಚಿಕೆಯಲ್ಲಿ ಮೂರು ಹೊಸ ಪಾತ್ರಗಳಿದ್ದವು: ನರಕದ ಸೈನಿಕರನ್ನು ಬೇಟೆಯಾಡುವ ದೇವದೂತೆ ಏಂಜೆಲಾ, ಅವಳ ಕೈಯಲ್ಲಿ ಸಾಯುವ ಮಧ್ಯಯುಗದ ಸ್ಪಾನ್, ಮತ್ತೆ ಎಲ್ಲ ಗೊತ್ತಿದ್ದೂ ಬೀದಿಯಲ್ಲಿ ಬಿದ್ದುಕೊಂಡಿರುವ ಮುದುಕ ಕಾಗ್ಲಿಯೋಸ್ಟ್ರೋ.

ಏಂಜೆಲಾಗೆ ರೆಕ್ಕೆ ಇಲ್ಲ. ಕೆಂಪು ಕೂದಲು, ಮೈಸುತ್ತ ಹಾರಾಡುವ ಪಟ್ಟಿಗಳು, ಕೈಯಲ್ಲಿ ಆಯುಧ. ಬಟ್ಟೆ ಮಾತ್ರ ಇದೆಯೋ ಇಲ್ಲವೋ ಅನ್ನೋ ಹಾಗೆ. ಯುದ್ಧಕ್ಕೆ ಹೊರಟವಳು ಹೊಟ್ಟೆ, ತೊಡೆ ಬಿಟ್ಟುಕೊಂಡು ಹೋಗುವುದು ಯಾವ ಸೀಮೆಯ ಯುದ್ಧವೋ, 90ರ ದಶಕದ ಕಾಮಿಕ್ಸ್‌ನಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಮಾತಿನಲ್ಲಿ ಅವಳು ಬೇರೆಯೇ. ಬೇಟೆ ಅವಳಿಗೆ ಧರ್ಮಯುದ್ಧ ಅಲ್ಲ, ಖುಷಿ. ಜನಕ್ಕೆ ಇಷ್ಟವಾದಳು. 1994ರ ಕೊನೆಯಿಂದ 1995ರ ಶುರುವಿನವರೆಗೆ ಅವಳದ್ದೇ ಮೂರು ಸಂಚಿಕೆಗಳ ಸರಣಿ ಬಂತು, ಗೇಮನ್ ಕಥೆ, ಗ್ರೆಗ್ ಕಪುಲೋ ಚಿತ್ರ. ಅದರಲ್ಲಿ ಸ್ವರ್ಗದವರೇ ಅವಳ ಮೇಲೆ ದ್ರೋಹದ ಆರೋಪ ಹೊರಿಸಿ ವಿಚಾರಣೆಗೆ ನಿಲ್ಲಿಸುತ್ತಾರೆ. ಕಟಕಟೆ ಅವಳ ಹಣೆಯಲ್ಲಿ ಆಗಲೇ ಬರೆದಿತ್ತು ಅನ್ನಿಸುತ್ತದೆ.

9ನೇ ಸಂಚಿಕೆ ಹತ್ತು ಲಕ್ಷಕ್ಕೂ ಜಾಸ್ತಿ ಖರ್ಚಾಯಿತು, ಗೇಮನ್‌ಗೆ ಒಂದು ಲಕ್ಷ ಡಾಲರ್ ಸಿಕ್ಕಿತು. ಎಲ್ಲರೂ ಖುಷಿ. ಆದರೆ ಒಂದು ಹಾಳೆ ಕರಾರು ಪತ್ರ ಇರಲಿಲ್ಲ. ಇದ್ದದ್ದು ದೊಡ್ಡ ಕಂಪನಿಗಳಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತೇನೆ ಅನ್ನೋ ಬಾಯಿ ಮಾತು. ಆಮೇಲೆ ಆಟಿಕೆ ಬಂತು, ಪುಸ್ತಕ ರೂಪದ ಮರುಮುದ್ರಣ ಬಂತು, ಇದರಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋ ಪ್ರಶ್ನೆಯೂ ಬಂತು. ಕಂಪನಿಗಳು ಪಾತ್ರ ಕಿತ್ತುಕೊಳ್ಳುತ್ತವೆ ಅಂತ ಹೊರಗೆ ಬಂದವರ ಮನೆಯಲ್ಲೇ ಪಾತ್ರ ಯಾರದ್ದು ಅನ್ನೋ ಜಗಳ ಹತ್ತಿಕೊಂಡಿತು. ಒಳ್ಳೆ ಮನಸ್ಸಿನಿಂದಲೇ ಶುರುವಾದ ವ್ಯವಹಾರ ಅದು, ಅದಕ್ಕೇ ಯಾರಿಗೂ ಪೇಪರ್ ಬೇಕು ಅನ್ನಿಸಿರಲಿಕ್ಕಿಲ್ಲ.

ನಡುವೆ ಇನ್ನೊಂದು ಗಂಟು ಬಿತ್ತು. ಮಿರಾಕಲ್‌ಮ್ಯಾನ್ ಅನ್ನೋ ಬ್ರಿಟಿಷ್ ಮೂಲದ ಪಾತ್ರವನ್ನು ಅಮೆರಿಕದಲ್ಲಿ ಪ್ರಕಟಿಸುತ್ತಿದ್ದ ಕಂಪನಿ ದಿವಾಳಿಯಾಗಿ, 1996ರಲ್ಲಿ ಅದರ ಆಸ್ತಿಯನ್ನು ಮ್ಯಾಕ್‌ಫರ್ಲೇನ್ ಕೊಂಡರು. ಆ ಪಾತ್ರದ ಕಥೆಯನ್ನು ಗೇಮನ್ ಅರ್ಧ ಬರೆದು ನಿಲ್ಲಿಸಿದ್ದರು. ಮಿರಾಕಲ್‌ಮ್ಯಾನ್ ನಿಮಗೆ ಕೊಡುತ್ತೇನೆ, ಸ್ಪಾನ್ ಕಥೆಯ ಪಾತ್ರಗಳಲ್ಲಿ ನಿಮ್ಮ ಪಾಲು ನನಗೆ ಬಿಡಿ ಅಂತ ಅದಲುಬದಲಿನ ಮಾತು ನಡೆದು, ಮುರಿದುಬಿತ್ತು. 1999ರ ಹೊತ್ತಿಗೆ ಮಾತುಕತೆ ಪತ್ರ ವ್ಯವಹಾರವಾಗಿತ್ತು. 2000ದಲ್ಲಿ ‘ಸ್ಪಾನ್’ 100ನೇ ಸಂಚಿಕೆಯಲ್ಲಿ ಏಂಜೆಲಾಳನ್ನು ಸಾಯಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಇಲ್ಲಿ ಕೂಸು ಹೋಗಿಯೇ ಬಿಟ್ಟಿತು.

2002ರ ಜನವರಿಯಲ್ಲಿ ಗೇಮನ್ ವಿಸ್ಕಾನ್ಸಿನ್‌ನ ಫೆಡರಲ್ ಕೋರ್ಟಿಗೆ ಹೋದರು. ಅಕ್ಟೋಬರ್‌ನಲ್ಲಿ ಜ್ಯೂರಿ ಅವರ ಪರ ನಿಂತಿತು. ಮ್ಯಾಕ್‌ಫರ್ಲೇನ್ ಕಡೆಯವರು ಅಪೀಲು ಹಾಕಿದರು. 2004ರ ಫೆಬ್ರವರಿಯಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಬರೆದ ತೀರ್ಪು ಬಂತು. ಸಮಯ ಇದ್ದರೆ ಅದನ್ನೊಮ್ಮೆ ಓದಿ, ಕೋರ್ಟಿನ ಕಾಗದ ಇಷ್ಟು ಮಜವಾಗಿ ಓದಿಸಿಕೊಳ್ಳುವುದು ಅಪರೂಪ.

ಅಲ್ಲಿದ್ದ ಮೊದಲ ತಕರಾರು ಸಮಯದ್ದು. ಕಾಪಿರೈಟ್ ಕೇಸಿಗೆ ಮೂರು ವರ್ಷದ ಗಡುವು ಇದೆ. ಪತ್ರಿಕೆಯ ಮೇಲೆ ಇಷ್ಟು ವರ್ಷದಿಂದ ನಮ್ಮ ಹೆಸರೇ ಇತ್ತು, ನೋಂದಣಿಯೂ ನಮ್ಮದೇ, ಆಗ ಸುಮ್ನೆ ಇದ್ದು ಈಗ ಬಂದರೆ ಹೇಗೆ ಅನ್ನೋದು ಮ್ಯಾಕ್‌ಫರ್ಲೇನ್ ಕಡೆಯ ವಾದ. ಪೋಸ್ನರ್ ಒಪ್ಪಲಿಲ್ಲ. ನೋಂದಣಿ ಮಾಡಿಸಿದ ಮಾತ್ರಕ್ಕೆ ಗಡಿಯಾರ ಓಡಲು ಶುರುವಾಗುವುದಿಲ್ಲ, ನಿನಗೆ ಇದರಲ್ಲಿ ಪಾಲಿಲ್ಲ ಅಂತ ಇನ್ನೊಬ್ಬನಿಗೆ ಸ್ಪಷ್ಟವಾಗಿ ಗೊತ್ತಾದ ದಿನದಿಂದ ಲೆಕ್ಕ ಅಂದರು. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದೆ ಅಂದ ಮಾತ್ರಕ್ಕೆ ಜಮೀನು ಪೂರ್ತಿ ಅಣ್ಣನದ್ದಾಗುವುದಿಲ್ಲವಲ್ಲ, ಹೆಚ್ಚುಕಡಿಮೆ ಹಾಗೇ.

ಎರಡನೆಯದು, ಇದು ದುಡ್ಡು ಕೊಟ್ಟು ಮಾಡಿಸಿಕೊಂಡ ಕೆಲಸವಾ? ನೌಕರನಲ್ಲದವನಿಂದ ಹಾಗೆ ಮಾಡಿಸಿಕೊಳ್ಳಬೇಕಾದರೆ ಲಿಖಿತ ಒಪ್ಪಂದ ಬೇಕೇ ಬೇಕು ಅನ್ನುತ್ತದೆ ಕಾನೂನು. ಆ ಒಂದು ಹಾಳೆ ಇರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಏಂಜೆಲಾ ವಿಷಯದಲ್ಲಿ ಅಷ್ಟಾಗಿ ಎಳೆದಾಟ ಇರಲಿಲ್ಲ, ಎಳೆದಾಟ ಉಳಿದಿಬ್ಬರದ್ದು. ಮುದುಕ ಕುಡುಕ ಅನ್ನೋದು ಬರೀ ಒಂದು ಐಡಿಯಾ, ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನು ಚಿತ್ರ ಮಾಡಿದವನೇ ಕರ್ತೃ ಅಂತ ವಾದ. ಪೋಸ್ನರ್ ಹೇಳಿದ್ದು ಸರಳ. ಕಾಮಿಕ್ಸ್ ಅಂದರೆ ಒಬ್ಬ ಬರೆಯುತ್ತಾನೆ, ಒಬ್ಬ ಪೆನ್ಸಿಲ್ ಹಿಡಿಯುತ್ತಾನೆ, ಒಬ್ಬ ಇಂಕು, ಒಬ್ಬ ಬಣ್ಣ. ಒಬ್ಬೊಬ್ಬರ ಕೆಲಸವನ್ನೂ ಬಿಡಿಸಿ ತೂಗಿ, ಯಾವುದೂ ಒಂಟಿಯಾಗಿ ಪೂರ್ತಿ ಅಲ್ಲ ಅಂದರೆ ಕೊನೆಗೆ ಯಾರಿಗೂ ಹಕ್ಕು ಉಳಿಯುವುದಿಲ್ಲ. ಹೆಸರು, ವಯಸ್ಸು, ಮುಖ, ಮಾತು ಸೇರಿದ ಮೇಲೆ ಅವನು ಯಾವುದೋ ಒಬ್ಬ ಕುಡುಕ ಅಲ್ಲ, ಕಾಗ್ಲಿಯೋಸ್ಟ್ರೋ. ಹಾಗಾಗಿ ಮೂರೂ ಪಾತ್ರ ಇಬ್ಬರದ್ದು, ಲಾಭದ ಲೆಕ್ಕ ಕೊಡಬೇಕು. ಬರೆಯುವವರಿಗೂ ಬಿಡಿಸುವವರಿಗೂ ಇದಕ್ಕಿಂತ ನ್ಯಾಯವಾದ ಮಾತು ಕೋರ್ಟಿನಿಂದ ಬಂದಿದ್ದನ್ನು ನಾನಂತೂ ಓದಿಲ್ಲ.

ಲೆಕ್ಕ ಮಾತ್ರ ಬೇಗ ಸಿಗಲಿಲ್ಲ. ಒಬ್ಬ ಹಾಕಿ ಆಟಗಾರ ತನ್ನ ಹೆಸರು ಬಳಸಿದ್ದಕ್ಕೆ ಹೂಡಿದ್ದ ಬೇರೊಂದು ಕೇಸಿನಲ್ಲಿ ಒಂದೂವರೆ ಕೋಟಿ ಡಾಲರ್ ಪರಿಹಾರದ ತೀರ್ಪು ಬಂದು, 2004ರ ಡಿಸೆಂಬರ್‌ನಲ್ಲಿ ಮ್ಯಾಕ್‌ಫರ್ಲೇನ್ ಕಂಪನಿ ದಿವಾಳಿ ಅರ್ಜಿ ಹಾಕಿತು. ವರ್ಷಗಳು ಹೋದವು. 2010ರಲ್ಲಿ ಮತ್ತೆ ಅದೇ ವಿಸ್ಕಾನ್ಸಿನ್ ಕೋರ್ಟು. ಈ ಸಲದ ಪ್ರಶ್ನೆ, ಟಿಫನಿ ಮತ್ತು ಡೊಮಿನಾ ಅನ್ನೋ ಇನ್ನಿಬ್ಬರು ಯೋಧ ದೇವದೂತೆಯರು ಏಂಜೆಲಾಳಿಂದಲೇ ಹುಟ್ಟಿದವರಾ? ಹೆಸರು ಬೇರೆ, ಕೆಲಸ ಅದೇ. ಹೌದು ಅಂದರು ನ್ಯಾಯಾಧೀಶೆ ಬಾರ್ಬರಾ ಕ್ರಾಬ್. 2012ರ ಜನವರಿಯಲ್ಲಿ ಇಬ್ಬರೂ ರಾಜಿಯಾದರು. ಷರತ್ತುಗಳು ಹೊರಗೆ ಬರಲಿಲ್ಲ, ಆದರೆ ಏಂಜೆಲಾ ಗೇಮನ್ ಪಾಲಿಗೆ ಹೋದಳು. ಮೊದಲ ಸಂಚಿಕೆಯಿಂದ ಲೆಕ್ಕ ಹಾಕಿದರೆ 19 ವರ್ಷ. ಅಷ್ಟರಲ್ಲಿ ಅವಳದ್ದು ಅಂತ ನೆನಪಿಡುವಂಥ ಕಥೆ ಬಂದಿದ್ದು ಆ ಮೂರು ಸಂಚಿಕೆ ಮಾತ್ರ, ಉಳಿದದ್ದೆಲ್ಲ ವಕೀಲರು ಬರೆದದ್ದು.

ಗೇಮನ್ ಅವಳನ್ನು ತಮ್ಮಲ್ಲಿಗೆ ತರುತ್ತಾರೆ ಅಂತ 2013ರ ಮಾರ್ಚ್‌ನಲ್ಲಿ ಮಾರ್ವೆಲ್ ಘೋಷಣೆ ಮಾಡಿತು, ಜೂನ್‌ನಲ್ಲಿ ‘ಏಜ್ ಆಫ್ ಅಲ್ಟ್ರಾನ್’ 10ನೇ ಸಂಚಿಕೆಯ ಕೊನೆಯಲ್ಲಿ ಅವಳು ಪ್ರತ್ಯಕ್ಷ. ಮೊದಲು ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಅನ್ನೋ ತಂಡದ ಜೊತೆ ಓಡಾಡಿಸಿದರು. ಅವಳನ್ನು ಏನು ಮಾಡಬೇಕು ಅಂತ ಅವರಿಗೂ ಹೊಳೆದಿರಲಿಲ್ಲ ಅಂತ ಕಾಣುತ್ತದೆ. 2014ರಲ್ಲಿ ಬಂತು ಆ ತಿರುವು: ಹೆವೆನ್ ಅನ್ನೋ ಹತ್ತನೇ ಲೋಕ (ಸ್ವರ್ಗಕ್ಕಿರುವ ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ಕಮ್ಮಿ), ಅಲ್ಲಿನ ದೇವದೂತರಿಗೂ ಥಾರ್‌ನ ಊರಾದ ಆಸ್ಗಾರ್ಡ್‌ಗೂ ಹಳೇ ಯುದ್ಧ, ಆ ಯುದ್ಧದಲ್ಲಿ ಸತ್ತಳು ಅಂದುಕೊಂಡಿದ್ದ ಓಡಿನ್‌ನ ಮಗು ಆಲ್ಡ್ರಿಫ್, ಶತ್ರುಗಳ ನಡುವೆಯೇ ಬೆಳೆದು ಏಂಜೆಲಾ ಆದಳು. ಹೊರಗಿನಿಂದ ತಂದವಳನ್ನು ಮನೆ ಮಗಳು ಮಾಡಿಕೊಳ್ಳುವ ಈ ಉಪಾಯ ಓದಿದಾಗ ನಗು ಬಂತು, ಆದರೆ ಕೆಲಸ ಮಾಡಿತು.

ಕೆಲಸ ಮಾಡಿದ್ದು ಅದೇ ವರ್ಷದ ಕೊನೆಗೆ ಕೀರನ್ ಗಿಲ್ಲನ್ ಮತ್ತು ಮಾರ್ಗರೀಟ್ ಬೆನೆಟ್ ಶುರು ಮಾಡಿದ ‘ಏಂಜೆಲಾ: ಆಸ್ಗಾರ್ಡ್ಸ್ ಅಸಾಸಿನ್’ನಿಂದ. ಮೈಮೇಲೆ ಒಂದಿಷ್ಟು ಕವಚ ಬಂತು, ಅದಕ್ಕಿಂತ ಹೆಚ್ಚಾಗಿ ಅವಳಿಗೊಂದು ತಲೆ ಬಂತು. ಹೆವೆನ್‌ನಲ್ಲಿ ಯಾವುದೂ ಪುಕ್ಕಟೆ ಅಲ್ಲ. ಸಹಾಯಕ್ಕೂ ಸಾಲದ ಲೆಕ್ಕ, ಋಣಕ್ಕೂ ಲೆಕ್ಕ, ತೀರಿಸದೆ ಅವಳು ಬಿಡುವುದಿಲ್ಲ. ಬಾಯಿ ಮಾತಿನಿಂದ ಹುಟ್ಟಿ ಹತ್ತು ವರ್ಷ ಕೋರ್ಟು ಅಲೆದ ಪಾತ್ರಕ್ಕೆ ಈ ಸ್ವಭಾವ ಕೊಟ್ಟವರು ತಿಳಿದೇ ಕೊಟ್ಟಿರಬೇಕು ಅಲ್ವಾ? ಜೊತೆಗೆ ಸೆರಾ ಬಂದಳು, ಟ್ರಾನ್ಸ್ ಮಹಿಳೆ, ಏಂಜೆಲಾಳ ಒಲವು. 2015ರಲ್ಲಿ ಶುರುವಾದ ‘ಕ್ವೀನ್ ಆಫ್ ಹೆಲ್’ನಲ್ಲಿ ಇಬ್ಬರ ಪ್ರೀತಿಯನ್ನು ಮುಚ್ಚುಮರೆ ಇಲ್ಲದೆ ಬರೆದರು. ಅದು ಏಳೇ ಸಂಚಿಕೆಗೆ ನಿಂತದ್ದು ನನಗೆ ಈಗಲೂ ಬೇಜಾರು. 2015ರಲ್ಲೇ ಅವಳು ‘1602’ ಲೋಕಕ್ಕೂ (ಮಾರ್ವೆಲ್ ಪಾತ್ರಗಳು ಆ ಇಸವಿಯಲ್ಲೇ ಇದ್ದಿದ್ದರೆ ಅನ್ನೋ ಕಥೆ) ಹೋಗಿ ಬಂದಳು. ಮೂಲ ‘1602’ ಗೇಮನ್ 2003ರಲ್ಲಿ ಮಾರ್ವೆಲ್‌ಗೆ ಬರೆದದ್ದು, ಅದರ ಲಾಭ ಮಿರಾಕಲ್‌ಮ್ಯಾನ್ ಹಕ್ಕಿನ ಹೋರಾಟದ ಖರ್ಚಿಗೆ ಅಂತ ಎತ್ತಿಟ್ಟಿದ್ದು. ಆ ಮಿರಾಕಲ್‌ಮ್ಯಾನ್ ಹಕ್ಕನ್ನು 2009ರಲ್ಲಿ ಮಾರ್ವೆಲ್ಲೇ ಕೊಂಡಿತು.

ಆಮೇಲೆ 2018ರ ‘ಆಸ್ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯಲ್ಲಿ ಅವಳು ತಂಡ ಕಟ್ಟಿಕೊಂಡು ಬಂದಳು. ಅದೇ ವರ್ಷ, 9ನೇ ಸಂಚಿಕೆಯಲ್ಲಿ ಅವಳ ಕೈಯಲ್ಲಿ ಸತ್ತಿದ್ದ ಮಧ್ಯಯುಗದ ಸ್ಪಾನ್ ಇಮೇಜ್‌ನಲ್ಲಿ ವಿಚ್‌ಬ್ಲೇಡ್ ಅನ್ನೋ ಇನ್ನೊಂದು ಪಾತ್ರದ ಜೊತೆ ನಾಲ್ಕು ಸಂಚಿಕೆಯ ಸರಣಿ ಮಾಡಿಕೊಂಡ. ಕೊಂದವಳು ಒಂದು ಕಂಪನಿಯಲ್ಲಿ, ಸತ್ತವನು ಇನ್ನೊಂದರಲ್ಲಿ, ಇಬ್ಬರೂ ಚೆನ್ನಾಗಿಯೇ ಇದ್ದರು.