‘ರೆ’ ಎಂಬ ಪುಟ್ಟ ಪ್ರತ್ಯಯ, ಮಕ್ಕಳ ದೊಡ್ಡ ಲೆಕ್ಕ

‘ತಟ್ಟೆ ಖಾಲಿ ಮಾಡಿದರೆ ಐಸ್‌ಕ್ರೀಮ್ ಕೊಡ್ತೀನಿ.’ ಮಾಡದಿದ್ದರೆ ಕೊಡಲ್ಲ ಅಂತ ಅಮ್ಮ ಹೇಳಿಯೇ ಇಲ್ಲ. ಆದರೂ ಮಗು ಹಾಗೇ ಅರ್ಥ ಮಾಡಿಕೊಳ್ಳುತ್ತದೆ. ತರ್ಕಶಾಸ್ತ್ರದಲ್ಲಿ ಇದು ತಪ್ಪು. ಮನೆಯಲ್ಲಿ ಮಗುವೇ ಸರಿ, ಅಲ್ವಾ?

1955ರಲ್ಲಿ ಜಿನೀವಾದ ಮನೋವಿಜ್ಞಾನಿಗಳಾದ ಬಾರ್ಬೆಲ್ ಇನ್‌ಹೆಲ್ಡರ್ ಮತ್ತು ಜೀನ್ ಪಿಯಾಜೆ ಈ ‘ರೆ’ ಲೆಕ್ಕಕ್ಕೊಂದು ವಯಸ್ಸು ಗೊತ್ತುಮಾಡಿದರು. ಕಣ್ಣೆದುರು ಇಲ್ಲದ್ದನ್ನೂ ‘ಹೀಗಿದ್ದರೆ ಹೀಗಾಗಬೇಕು’ ಎಂದು ಯೋಚಿಸುವ ಶಕ್ತಿ 11–12ರ ಹೊತ್ತಿಗೆ ಶುರುವಾಗುತ್ತದೆ ಅಂದರು.

ಇದಕ್ಕೆ ಪೆಟ್ಟು ಬಿದ್ದದ್ದು ದೊಡ್ಡವರಿಂದಲೇ. 1966ರಲ್ಲಿ ಇಂಗ್ಲೆಂಡಿನ ಪೀಟರ್ ವಾಸನ್ ಒಂದು ಒಗಟು ಕೊಟ್ಟರು. ಮೇಜಿನ ಮೇಲೆ ನಾಲ್ಕು ಕಾರ್ಡು: ಇ, ಕೆ, 4, 7. ಪ್ರತಿ ಕಾರ್ಡಿನ ಒಂದು ಬದಿ ಇಂಗ್ಲಿಷ್ ಅಕ್ಷರ, ಇನ್ನೊಂದು ಬದಿ ಅಂಕಿ. ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು. ಈ ಮಾತು ನಿಜವೇ ಎಂದು ನೋಡಲು ಯಾವ ಕಾರ್ಡು ತಿರುಗಿಸುತ್ತೀರಿ? ಇ ಮತ್ತು 4 ಅಂದವರೇ ಹೆಚ್ಚು. ನಾನೂ ಮೊದಲ ಸಲ ಹಾಗೇ ಅಂದಿದ್ದೆ. 4ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. 7ರ ಹಿಂದೆ ಸ್ವರ ಸಿಕ್ಕರೆ ಮುರಿಯುತ್ತದೆ. ಹಾಗಾಗಿ ತಿರುಗಿಸಬೇಕಾದ್ದು ಇ ಮತ್ತು 7. ಕಾಲೇಜು ಓದಿದವರಲ್ಲೂ ಸರಿ ಉತ್ತರ ಕೊಟ್ಟವರು ಬೆರಳೆಣಿಕೆ.

1982ರಲ್ಲಿ ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ ಕಾರ್ಡಿನ ಮೇಲೆ ಬಿಯರನ್ನೂ ವಯಸ್ಸನ್ನೂ ಬರೆದರು. ಬಿಯರ್ ಕುಡಿಯಬೇಕಾದರೆ ಇಷ್ಟು ವಯಸ್ಸಾಗಿರಬೇಕು ಅನ್ನುವ ನಿಯಮ. ಈಗ ಸುಮಾರು ಮುಕ್ಕಾಲು ಪಾಲು ಜನ ಪಾಸು! 1996ರಲ್ಲಿ ಹ್ಯಾರಿಸ್ ಮತ್ತು ನುನ್ಯೆಸ್ ಇದನ್ನೇ 3–4 ವರ್ಷದವರ ಮುಂದಿಟ್ಟರು. ಹೊರಗೆ ಆಡಬೇಕಾದರೆ ಕೋಟು ಹಾಕಿಕೊಳ್ಳಬೇಕು. ನಾಲ್ಕು ಚಿತ್ರಗಳಲ್ಲಿ ಮಾತು ಮೀರಿದವಳು ಯಾರು? ಕೋಟಿಲ್ಲದೆ ಹೊರಗಿದ್ದವಳನ್ನೇ ಹೆಚ್ಚಿನ ಮಕ್ಕಳು ತೋರಿಸಿದರು. ಯಾರು ತಂಟೆ ಮಾಡಿದರು ಅನ್ನುವುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ ಬಿಡಿ.

ಹಾಗಾದರೆ ವಯಸ್ಸಿನ ಜೊತೆ ಬೆಳೆಯುವುದೇನು? ಮಾಂಟ್ರಿಯಲ್‌ನ ಹೆನ್ರಿ ಮಾರ್ಕೊವಿಟ್ಸ್ ಕೊಡುವ ಉತ್ತರ ನನಗೆ ಹಿಡಿಸಿದೆ. ಕಲ್ಲು ಹೊಡೆದರೆ ಕಿಟಕಿ ಗಾಜು ಒಡೆಯುತ್ತದೆ. ಗಾಜು ಒಡೆದಿದೆ. ಕಲ್ಲೇ ಹೊಡೆದರಾ? ಚಿಕ್ಕವರು ‘ಹೂಂ’ ಅಂದುಬಿಡುತ್ತಾರೆ. ಚೆಂಡು, ಗಾಳಿ, ಜಾರಿದ ಕುರ್ಚಿ, ಇವೆಲ್ಲ ಥಟ್ಟನೆ ನೆನಪಾಗುವವರು ಮಾತ್ರ ‘ಹೇಳೋಕಾಗಲ್ಲ’ ಅನ್ನುತ್ತಾರೆ. ಬೆಳೆಯುವುದು ಈ ಅನುಮಾನ.

ಇನ್ನು ‘ಹಕ್ಕಿಗರಿ ಎಸೆದರೆ ಗಾಜು ಒಡೆಯುತ್ತದೆ ಅಂದುಕೋ’ ಅನ್ನಿ. ‘ಗರಿಗೆಲ್ಲ ಗಾಜು ಒಡೆಯುತ್ತಾ?’ ಅಂತ ಚಿಕ್ಕವರು ವಾದಕ್ಕಿಳಿಯುತ್ತಾರೆ. ಹದಿಹರೆಯದವರು ಸುಮ್ನೆ ಒಪ್ಪಿಕೊಂಡು ಮುಂದೆ ಹೋಗಬಲ್ಲರು. ಆದರೆ ಡಯಾಸ್ ಮತ್ತು ಹ್ಯಾರಿಸ್ ಇಂಥ ವಿಚಿತ್ರ ಮಾತುಗಳನ್ನು ಬೇರೊಂದು ಗ್ರಹದ ಕಥೆಯಾಗಿ ಹೇಳಿನೋಡಿದರು. ಆಗ 4–6 ವರ್ಷದವರೂ ತಕರಾರಿಲ್ಲದೆ ಸರಿಯಾಗಿ ಲೆಕ್ಕ ಹಾಕಿದರು.