ಹೊಟ್ಟೆ ನೀರಿನೊಳಗಿನ ಸುದ್ದಿ: ಅಂಡಾಶಯದ ಕ್ಯಾನ್ಸರ್‌ನಲ್ಲಿ ಸೈಟೊಕೈನ್‌ಗಳ ಕೆಲಸ

ರಾಯಚೂರಿನಲ್ಲಿ ನನ್ನ ಜೊತೆ ನರ್ಸಿಂಗ್ ಓದುವವರ ನಡುವೆ ಪರೀಕ್ಷೆಗೆ ಮುಂಚೆ ಒಂದು ಪಟ್ಟಿ ಓಡಾಡುತ್ತಿದೆ. ಎಡಕ್ಕೆ ‘ಒಳ್ಳೆಯ ಸೈಟೊಕೈನ್’, ಬಲಕ್ಕೆ ‘ಕೆಟ್ಟ ಸೈಟೊಕೈನ್’. ಬಾಯಿಪಾಠಕ್ಕೆ ಸುಲಭ, ನಿಜ. ಆದರೆ ಅಂಡಾಶಯದ ಕ್ಯಾನ್ಸರ್‌ನ ಪಾಠಕ್ಕೆ ಬಂದಾಗ ಆ ಪಟ್ಟಿ ದಾರಿ ತಪ್ಪಿಸುತ್ತದೆ. ಅದಕ್ಕೇ ಈ ಟಿಪ್ಪಣಿ.

ಸೈಟೊಕೈನ್ ಅಂದರೆ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಹೊರಗೆ ಬಿಡುವ ಸಣ್ಣ ಪ್ರೊಟೀನ್. ಅದಕ್ಕೆ ಹೊಂದುವ ರಿಸೆಪ್ಟರ್ (ಸುದ್ದಿ ಹಿಡಿಯುವ ಪ್ರೊಟೀನ್) ಇರುವ ಕೋಶಕ್ಕೆ ಮಾತ್ರ ಸುದ್ದಿ ಕೇಳುತ್ತದೆ. ನಮ್ಮ ಸಿಂಧನೂರು, ಮಾನ್ವಿ ಕಡೆ ‘ಕಾಲುವಿಗೆ ನೀರು ಬಿಟ್ಟಾರ’ ಅಂತ ಸುದ್ದಿ ಬಂದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಮೇಲಿನ ಭಾಗದ ರೈತ ಭತ್ತದ ಸಸಿ ಮಡಿ ಹದ ಮಾಡಲು ಹೋಗುತ್ತಾನೆ. ಕೊನೆ ಭಾಗದವನು ರಾತ್ರಿಯಿಡೀ ತೂಬು ಕಾಯಲು ಹೊರಡುತ್ತಾನೆ. ಸುದ್ದಿ ಒಂದೇ, ಕೇಳಿದವರ ಕೆಲಸ ಬೇರೆ ಬೇರೆ. ಸೈಟೊಕೈನ್ ಓದುವಾಗಲೂ ಯಾರು ಕಳಿಸಿದರು, ಯಾರು ಕೇಳಿಸಿಕೊಂಡರು ಅಂತ ಕೇಳುತ್ತಾ ಹೋದರೆ ಅರ್ಧ ಪಾಠ ಮುಗಿದ ಹಾಗೆ.

ನನಗೆ ಈ ಪಾಠ ಹತ್ತಿರವಾದದ್ದು ನಮ್ಮ ದೊಡ್ಡಮ್ಮನಿಂದ. ‘ಎರಡು ತುತ್ತು ಉಂಡರ ಸಾಕು, ಹೊಟ್ಟಿ ತುಂಬಿದಂಗ ಆಗ್ತದ’ ಅನ್ನುತ್ತಿದ್ದರು. ತಿಂಗಳುಗಟ್ಟಲೆ ಗ್ಯಾಸ್ ಮಾತ್ರೆ ನುಂಗಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಅಂಡಾಶಯದಲ್ಲಿ ಗಡ್ಡೆ, ಹೊಟ್ಟೆ ತುಂಬ ನೀರು. ಈ ಕಾಯಿಲೆ ಬಹಳಷ್ಟು ಸಲ ಹೀಗೆ ಹೊಟ್ಟೆಯೊಳಗೆ ಹರಡಿದ ಮೇಲೇ ಗೊತ್ತಾಗುತ್ತದೆ.

ಆ ನೀರಿಗೆ ಅಸೈಟಿಸ್ ಅನ್ನುತ್ತೇವೆ. ಸುಮ್ನೆ ನೀರು ಅಂದುಕೊಳ್ಳಬೇಡಿ. ಅದರಲ್ಲಿ ಕ್ಯಾನ್ಸರ್ ಕೋಶಗಳು ತೇಲುತ್ತಿರುತ್ತವೆ. ರೋಗದ ವಿರುದ್ಧ ಹೋರಾಡುವ ಮ್ಯಾಕ್ರೊಫೇಜ್, ಟಿ ಕೋಶಗಳೂ ಇರುತ್ತವೆ. ಇವೆಲ್ಲ ಬಿಡುವ ಸೈಟೊಕೈನ್‌ಗಳು ಅಲ್ಲೇ ಸೇರುತ್ತವೆ. ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್ ರಕ್ತದಲ್ಲಿ ಇರುವುದಕ್ಕಿಂತ ಈ ನೀರಿನಲ್ಲಿ ಎಷ್ಟೋ ಪಟ್ಟು ಜಾಸ್ತಿ.

ಈ ಇಂಟರ್‌ಲ್ಯೂಕಿನ್-6 ಬಗ್ಗೆ ಸ್ವಲ್ಪ ನಿಧಾನವಾಗಿ ಓದೋಣ. 1986ರಲ್ಲಿ ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ, ತೊಶಿಯೊ ಹಿರಾನೊ ಅವರ ತಂಡ ಇದರ ಜೀನ್ ಹಿಡಿದಾಗ, ಇದನ್ನು ಬಿ ಕೋಶಗಳಿಂದ ಆ್ಯಂಟಿಬಾಡಿ ಮಾಡಿಸುವ ಪ್ರೊಟೀನ್ ಎಂದು ಗುರುತಿಸಿದ್ದರು. ಸೋಂಕಿನ ವಿರುದ್ಧ ನಮಗೆ ಬೇಕಾದ ಕೆಲಸ ಅದು. ಅದೇ ಪ್ರೊಟೀನ್ ಅಂಡಾಶಯದ ಕ್ಯಾನ್ಸರ್ ಕೋಶದ ರಿಸೆಪ್ಟರ್‌ಗೆ ಕೂತರೆ ಒಳಗೆ ಜಾಕ್ ಎಂಬ ಕಿಣ್ವ, ಅದರ ಮೂಲಕ ಸ್ಟ್ಯಾಟ್-3 ಎಂಬ ಪ್ರೊಟೀನ್ ಎಚ್ಚರವಾಗುತ್ತವೆ. ಸ್ಟ್ಯಾಟ್-3 ನೇರ ನ್ಯೂಕ್ಲಿಯಸ್‌ಗೆ ಹೋಗಿ, ಸಾಯದೆ ಉಳಿಯಲು ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಆಗ ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಕ್ಕೆ ಆ ಕೋಶ ಬಗ್ಗುವುದು ಕಷ್ಟ.

ಸುದ್ದಿ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ, ಲಿವರ್‌ಗೂ ಮುಟ್ಟುತ್ತದೆ. ಲಿವರ್ ಥ್ರಾಂಬೊಪೊಯೆಟಿನ್ ಎಂಬ ಪ್ರೊಟೀನ್ ಜಾಸ್ತಿ ಮಾಡುತ್ತದೆ, ಅದರಿಂದ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಏರುತ್ತವೆ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 619 ಮಹಿಳೆಯರ ಪೈಕಿ ಶೇಕಡಾ 31ರಷ್ಟು ಜನರಿಗೆ ಕಾಯಿಲೆ ಪತ್ತೆಯಾದಾಗಲೇ ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿತ್ತು. ಅಂಥವರು ಬದುಕಿದ ಅವಧಿಯೂ ಕಡಿಮೆ. ದೊಡ್ಡಮ್ಮನ ಹಳೇ ರಕ್ತದ ರಿಪೋರ್ಟ್ ತೆಗೆದು ನೋಡಿದೆ. ಅದರಲ್ಲೂ ಪ್ಲೇಟ್‌ಲೆಟ್ ಜಾಸ್ತಿ ಇತ್ತು. ಕಬ್ಬಿಣದ ಕೊರತೆಯಲ್ಲೂ ಸೋಂಕಿನಲ್ಲೂ ಇದು ಏರುತ್ತದೆ, ಅದೊಂದನ್ನೇ ಹಿಡಿದು ಕ್ಯಾನ್ಸರ್ ಅನ್ನುವ ಹಾಗಿಲ್ಲ. ಆದರೂ ಆ ಅಂಕಿ ನೋಡಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾದರೆ ಇಂಟರ್‌ಲ್ಯೂಕಿನ್-6 ತಡೆದುಬಿಟ್ಟರೆ ಆಯಿತು, ಅಲ್ವಾ? ನೋಡಿದ್ದಾರೆ. ಅದನ್ನು ಹಿಡಿದುಕೊಳ್ಳುವ ಸಿಲ್ಟುಕ್ಸಿಮ್ಯಾಬ್ ಎಂಬ ಆ್ಯಂಟಿಬಾಡಿಯನ್ನು ಪ್ಲಾಟಿನಂ ಇರುವ ಕೀಮೋ ಔಷಧಕ್ಕೆ ಜಗ್ಗದ ಕಾಯಿಲೆಯ 18 ಮಹಿಳೆಯರಿಗೆ ಕೊಟ್ಟರು. 2011ರಲ್ಲಿ ಫಲಿತಾಂಶ ಬಂತು. ಒಬ್ಬರಿಗೆ ಗಡ್ಡೆ ಕುಗ್ಗಿತು, ಏಳು ಜನರಿಗೆ ಕೆಲಕಾಲ ಬೆಳೆಯದೆ ನಿಂತಿತು. ಅಷ್ಟೇ. ಒಂದು ತೂಬು ಮುಚ್ಚಿದರೂ ನೀರು ಪಕ್ಕದ ತೂಬಿನಿಂದ ಹೊಲ ಸೇರುತ್ತದೆ. ಇಲ್ಲೂ ಟಿಎನ್‌ಎಫ್, ಇಂಟರ್‌ಲ್ಯೂಕಿನ್-8 ಮುಂತಾದ ಬೇರೆ ಸೈಟೊಕೈನ್‌ಗಳು ಜೊತೆಗೇ ಕೆಲಸ ಮಾಡುತ್ತಿರುತ್ತವೆ. ಒಮೆಂಟಮ್ ಎಂಬ ಹೊಟ್ಟೆಯೊಳಗಿನ ಕೊಬ್ಬಿನ ಪರದೆಗೆ ಕ್ಯಾನ್ಸರ್ ಕೋಶಗಳನ್ನು ಕರೆಯುವುದರಲ್ಲಿ ಕೊಬ್ಬಿನ ಕೋಶಗಳು ಬಿಡುವ ಇಂಟರ್‌ಲ್ಯೂಕಿನ್-8ರ ಪಾತ್ರ ದೊಡ್ಡದು.

ಈಗ ಪಟ್ಟಿಯ ಎಡಗಡೆಗೆ, ‘ಒಳ್ಳೆಯ’ ಸಾಲಿಗೆ ಬನ್ನಿ. 2003ರ ಒಂದು ಅಧ್ಯಯನದಲ್ಲಿ ಗಡ್ಡೆಯೊಳಗೆ ಟಿ ಕೋಶಗಳು ನುಗ್ಗಿದ್ದ ಮಹಿಳೆಯರಲ್ಲಿ ಶೇಕಡಾ 38 ಜನ ಐದು ವರ್ಷ ಬದುಕಿದ್ದರು. ನುಗ್ಗದವರಲ್ಲಿ ಶೇಕಡಾ 4.5 ಮಾತ್ರ. ಟಿ ಕೋಶ ಬಿಡುವ ಇಂಟರ್‌ಫೆರಾನ್ ಗಾಮಾ ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯಲು ಸುಲಭ ಮಾಡುತ್ತದೆ. ಆದರೆ ಅದೇ ಸುದ್ದಿ ಕೇಳಿ ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಪಿಡಿ-ಎಲ್1 ಎಂಬ ತಡೆ ಎಬ್ಬಿಸಿಕೊಂಡು ಟಿ ಕೋಶವನ್ನು ಸುಮ್ಮನಾಗಿಸುತ್ತದೆ. ಇದನ್ನು ಎಡಕ್ಕೆ ಬರೆಯುತ್ತೀರೋ ಬಲಕ್ಕೋ? ಇಂಟರ್‌ಲ್ಯೂಕಿನ್-2 ಕಥೆಯೂ ಇದೇ. ಟಿ ಕೋಶಗಳನ್ನೂ ಬೆಳೆಸುತ್ತದೆ, ಅವನ್ನು ಅಡಗಿಸುವ ಟಿ-ರೆಗ್ ಕೋಶಗಳನ್ನೂ ಬೆಳೆಸುತ್ತದೆ.

ಹೊಟ್ಟೆಯಲ್ಲಿ ನೀರು ತುಂಬುವುದಕ್ಕೆ ಒಂದು ದೊಡ್ಡ ಕಾರಣ ವಿಇಜಿಎಫ್. ಇದನ್ನು ಬೆಳವಣಿಗೆಯ ಪ್ರೊಟೀನ್‌ಗಳ ಸಾಲಿಗೆ ಸೇರಿಸುತ್ತಾರೆ, ಆದರೆ ಇಂಟರ್‌ಲ್ಯೂಕಿನ್-6 ಕೂಡ ಇದನ್ನು ಹೆಚ್ಚಿಸುವುದರಿಂದ ಒಟ್ಟಿಗೇ ಓದಿ. ಇದು ಹೊಸ ರಕ್ತನಾಳ ಹುಟ್ಟಿಸುತ್ತದೆ, ಇರುವ ನಾಳಗಳನ್ನು ಸೋರಿಸುತ್ತದೆ. ಇದನ್ನು ತಡೆಯುವ ಬೆವಾಸಿಜುಮ್ಯಾಬ್ ಬಳಕೆಯಲ್ಲಿದೆ. 2011ರ ದೊಡ್ಡ ಪ್ರಯೋಗವೊಂದರಲ್ಲಿ ಕೀಮೋ ಜೊತೆಗೂ ಅದರ ನಂತರವೂ ಇದನ್ನು ಕೊಟ್ಟಾಗ ಕಾಯಿಲೆ ಮತ್ತೆ ಬೆಳೆಯುವವರೆಗಿನ ಅವಧಿ 10.3 ತಿಂಗಳಿಂದ 14.1 ತಿಂಗಳಿಗೆ ಹೋಯಿತು. ಈ ಔಷಧದಿಂದ ಬಿಪಿ ಏರಬಹುದು, ವಾರ್ಡಿನಲ್ಲಿ ನಾವು ನೋಡಬೇಕಾದ್ದು ಅದನ್ನೇ. ಜೋರು ಹೊಟ್ಟೆನೋವು ಬಂದರೆ ತಕ್ಷಣ ಹೇಳಬೇಕು, ಕರುಳು ತೂತಾಗುವ ಅಪಾಯ ಇದೆ.

ಇನ್ನೊಂದು ಸೈಟೊಕೈನ್ ನಮ್ಮ ಕೈಯಿಂದಲೇ ರೋಗಿಗೆ ಹೋಗುತ್ತದೆ. ‘ಕೌಂಟ್ ಇಂಜೆಕ್ಷನ್’ ಅಂತ ಮನೆಯವರು ಕರೆಯುವ ಫಿಲ್‌ಗ್ರಾಸ್ಟಿಮ್ ಅಂದರೆ ಜಿ-ಸಿಎಸ್‌ಎಫ್. ಕೀಮೋದಿಂದ ಬಿಳಿ ರಕ್ತಕಣ ಇಳಿದಾಗ ಮೂಳೆಯ ಮಜ್ಜೆಗೆ ‘ಹೊಸದು ಮಾಡು’ ಎಂದು ಹೇಳುವ ಪ್ರೊಟೀನ್. ಮಜ್ಜೆ ಜೋರಾಗಿ ಕೆಲಸ ಮಾಡುವುದರಿಂದ ಮೂಳೆ ನೋಯುತ್ತದೆ. ಮೊದಲೇ ಹೇಳಿದರೆ ರೋಗಿ ಹೆದರುವುದಿಲ್ಲ. ಕೀಮೋ ಮುಗಿದು ಕನಿಷ್ಠ 24 ಗಂಟೆ ಆದ ಮೇಲೆ ಕೊಡಬೇಕು. ಇಡುವುದು 2ರಿಂದ 8 ಡಿಗ್ರಿಯಲ್ಲಿ. ದೊಡ್ಡಮ್ಮನಿಗೆ ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ತರುವಾಗ ಅಣ್ಣ ಅದನ್ನು ಐಸ್ ತುಂಡುಗಳ ನಡುವೆಯೇ ಹೂತಿಟ್ಟಿದ್ದ. ಹೆಪ್ಪುಗಟ್ಟಿದರೂ ಪ್ರೊಟೀನ್ ಕೆಡಬಹುದು. ಆಮೇಲೆ ಅವನಿಗೆ ಹೇಳಿಕೊಟ್ಟೆ: ಡಬ್ಬಿಯನ್ನು ಒಂದು ಬಟ್ಟೆಯಲ್ಲಿ ಸುತ್ತು, ಆಮೇಲೆ ಐಸ್ ಪಕ್ಕ ಇಡು, ಸ್ಟೇಷನ್‌ನಿಂದ ಬಿಸಿಲೇರುವ ಮುಂಚೆ ಮನೆಗೆ ಬಂದು ಫ್ರಿಜ್‌ನಲ್ಲಿಡು, ಫ್ರೀಜರ್‌ನಲ್ಲಿ ಬೇಡ.